ಪುಂಡ ನಾನು, ಗಿಡ ಪುಂಡಿ

ರುಮೈಥಿಯಾ ಸೈಟ್, ಕುವೈತ್
ಗುರುವಾರ, ೨೨-೧೦-೧೯೮೧

ಇಂಜಿನಿಯರ್ ಶ್ಯಾಮಸುಂದರ್ ಸಾಹೇಬ್ರಿಗೆ ಸ್ಟೋರಿನ ಯಂಕೋಬನ ನಮಸ್ಕಾರ.

ಗಿಡ ಕಿತ್ತಿಲ್ಲ. ಕೀಳೂದೂ ಇಲ್ಲ.

ನಿನ್ನೆ ಎಲ್ಲಾರ ಮುಂದ, "ಏನೋ, ಗಾಂಜಾ ಬೆಳೀತಿದೀಯಾ? ಶನಿವಾರದೊಳಗೆ ಕೀಳದಿದ್ರೆ ನಿನಗೆ ವೀಸಾ ಕೊಟ್ಟ ಕಫೀಲ್‌ಗೆ ಹೇಳಿ ಊರಿಗೆ ಅಟ್ಟಿಸ್ತೀನಿ" ಅಂದ್ರಿ. ಇದು ಪುಂಡಿ ಅಂದೆ. "ಹೌದು ಕಣೋ, ಪುಂಡನೇ ನೀನು" ಅಂದ್ರಿ. ಎಲ್ಲಾರೂ ನಕ್ಕರು.

ಪುಂಡ ನಾನಿರಬಹುದು ಸಾಹೇಬ್ರ, ಗಿಡ ಮಾತ್ರ ಪುಂಡಿ. ನಮ್ಮ ಕುಷ್ಟಗಿ ಕಡೆ ರೊಟ್ಟಿ ಜೋಡಿ ತಿನ್ನೋ ಹುಳಿ ಪಲ್ಯ. ಎಲಿ ಗಾಂಜಾದಂಗ ಕಾಣ್ತದ, ಖರೆ. ನಿಮ್ಮ ಮೈಸೂರಾಗ ನೀವು ಇದನ್ನ ನೋಡಿಲ್ಲಂದ್ರ ಅದು ನನ್ನ ತಪ್ಪಲ್ಲ.

ಬೀಜ ನಮ್ಮವ್ವ ಅಂಗಿ ಕಿಸೇದಾಗ ಇಟ್ಟು ಹೊಲಿದಿದ್ಲು. ಆಗಸ್ಟಿನ ಬಿಸಿಲಿಗೆ ಎರಡು ಸಲ ಸಸಿ ಸುಟ್ಟು ಹೋದವು. ಆಮ್ಯಾಲ ಸ್ಟೋರಿನ ಹಿಂದ ಸಿಮೆಂಟ್ ಚೀಲದ ನೆರಳು ಕಟ್ಟಿ, ಡ್ರೈವರ್ ಮುಸ್ತಫಾ ನಮಾಜಿಗೆ ಕೈಕಾಲು ತೊಳೆದ ನೀರು ಹಾಕಿ ಬೆಳೆಸೀನಿ. ಕಂಪನಿ ನೀರು ಒಂದು ಹನಿ ಮುಟ್ಟಿಲ್ಲ.

ಈಗ ಮೊಗ್ಗು ಬಂದಾವ. ನಾಳೆ ಶುಕ್ರವಾರ ಮುಂಜಾನೆ ಅರಳ್ತಾವ. ಹಳದಿ ಹೂ, ನಡುವ ಕೆಂಪು, ದಾಸವಾಳದಂಗ. ಗಾಂಜಾ ಅಂಥ ಹೂ ಬಿಡಂಗಿಲ್ಲ. ಮಧ್ಯಾಹ್ನಕ್ಕ ಮುಚ್ಕೋತಾವ, ಲಗೂ ಬರ್ರಿ. ಕಫೀಲನ್ನೂ ಕರಕೊಂಡು ಬರ್ರಿ. ಬರೂವಾಗ ಎರಡು ಉಳ್ಳಾಗಡ್ಡಿ, ಒಂದು ಬಳ್ಳೊಳ್ಳಿ ತರ್ರಿ, ಪಲ್ಯ ಮಾಡ್ತೀನಿ. ತಿಂದ ಮ್ಯಾಲೂ ಗಾಂಜಾ ಅನಿಸಿದ್ರ, ನನ್ನ ಪಾಸ್‌ಪೋರ್ಟ್ ನಿಮ್ಮ ಕಪಾಟಿನಾಗ ಐತಿ.

ಆದ್ರ ನಿನ್ನೆ ನಕ್ಕೋರ ಮುಂದೇ ಕೂತು ತಿನ್ನಬೇಕು.

ಇಂತಿ ಪುಂಡ,
ಯಂಕೋಬ