ಒಂದೇ ಪಾವಿನ ಅನ್ನ

ಅತ್ತೆಮ್ಮ,

ನೀವು ಸತ್ತು ವರ್ಷವಾದರೂ ನನ್ನ ಸಿಟ್ಟು ಇಳಿದಿಲ್ಲ. ಬಾಣಂತಿ ನಾನು ಇನ್ನಷ್ಟು ಅನ್ನ ಕೇಳಿದಾಗ, "ಎಲ್ರಿಗೂ ಒಂದೇ ಪಾವು ಕಣಮ್ಮ, ನಿಂಗೇನು ಕಮ್ಮಿ ಆಗೈತೆ?" ಅಂದಿರಿ.

ಇವತ್ತು ನಿಮ್ಮ ಮಗ ಕೊರಟಗೆರೆಯಿಂದ ನಮ್ಮ ಅಂಗಡಿಗೆ ಹೊಸ ಗ್ರಾಂ ತೂಕದ ಕಲ್ಲುಗಳನ್ನು ತಂದರು. ಹಿರಿಯರ ಹಬ್ಬಕ್ಕೆ ನಿಮಗಿಡಲು ಮಾಡಿದ್ದ ಅನ್ನವನ್ನೇ ನಿಮ್ಮಂತೆಯೇ ಪಾವಿನಲ್ಲಿ ಅಳೆದು ತಕ್ಕಡಿಗೆ ಹಾಕಿ ನೋಡಿದೆ. ಗಂಡಸರಿಗೆ ನೀವು ಅದುಮಿ ತುಂಬುತ್ತಿದ್ದ ಪಾವು ಇನ್ನೂರೈವತ್ತು ಗ್ರಾಂ ತೂಗಿತು. ನನಗೆ ಉದುರಾಗಿ ತುಂಬುತ್ತಿದ್ದ ಪಾವು ನೂರೈವತ್ತೂ ಬರಲಿಲ್ಲ. ನನ್ನ ಮಗು ಹಾಲಿಗೆ ಅತ್ತದ್ದು ಸುಮ್ಮನೆಯಲ್ಲ.

ನಿಮ್ಮ ಎಡೆಗೂ ಉದುರಾಗಿಯೇ ಬಡಿಸಬೇಕೆಂದು ಅದೇ ಪಾವು ಹಿಡಿದೆ. ಸಿಟ್ಟಿಗೆ ಕೈ ಅದುಮುತ್ತಲೇ ಹೋಯಿತು. ತುಂಬಿದ್ದನ್ನು ತೂಗದೆ ಎಲೆಗೆ ಕವುಚಿದೆ.

ಉಣ್ಣಿ, ಹೊಟ್ಟೆ ತುಂಬ ಉಣ್ಣಿ.