ನಮ್ಮಮ್ಮನಿಗೆ ನೀವು ಆರಿಸಿಕೊಟ್ಟ ರಿವಾಲ್ವರ್ ಕುರಿತು

ನಮ್ಮ ಕೌಂಟಿಯ ಪೊಲೀಸರಿಗೆಲ್ಲ ಯಜಮಾನರಾದ ಶೆರೀಫರಿಗೆ, ಅಂದರೆ ಮುಂಬಾಗಿಲು ತಟ್ಟಿ ನಿಲ್ಲುವ ದೊಡ್ಡ ಮನುಷ್ಯರಿಗೆ,

ಹೋದ ಬೇಸಿಗೆಯಲ್ಲಿ ಅಗ್ನಿಶಾಮಕ ಠಾಣೆಯ ಹಜಾರದಲ್ಲಿ ನಮ್ಮ ಹೆಂಗಸರು ಮಾಡಿದ ಬೀನ್ಸ್, ಜೋಳದ ಬ್ರೆಡ್ಡು, ಮೇಲೊಂದು ಪೀಚ್ ಪೈ ತಿಂದು, ಬೆಲ್ಟು ಸಡಿಲಿಸಿಕೊಂಡು, ತಾವು ಒಂದು ಭಾಷಣ ಮಾಡಿದಿರಿ. "ಗುಡ್ಡ ದಾಟಿ ನಮ್ಮ ಗಾಡಿ ಬರೋಷ್ಟರಲ್ಲಿ ಎಲ್ಲ ಮುಗಿದಿರುತ್ತೆ. ವಯಸ್ಸಾದ ನಿಮ್ಮ ಅಪ್ಪ ಅಮ್ಮನಿಗೆ ಒಂದೊಳ್ಳೆ ಕೈಬಂದೂಕು ಆರಿಸಿಕೊಡಿ. ಅದು ನಮಗಿಂತ ಬೇಗ ಬರುತ್ತೆ" ಎಂದಿರಿ. ಜನ ಚಪ್ಪಾಳೆ ಹೊಡೆದರು. ನಿಮ್ಮ ಮಾತು ಕೇಳಿ ನಾನು ನನ್ನ ತಾಯಿಗೆ ಒಂದು ರಿವಾಲ್ವರ್ ತಂದುಕೊಟ್ಟೆ. ಅದರಿಂದ ಅವಳು ತನ್ನ ಜೀವದ ಗೆಳತಿಯನ್ನು ಕೊಲ್ಲುವುದರಲ್ಲಿದ್ದಳು. ಕೊಲ್ಲಲಿಲ್ಲ. ಆ ಉಪಕಾರ ಮಾಡಿದ್ದು ಅವಳ ಸಂಧಿವಾತ, ನಿಮ್ಮ ಇಲಾಖೆಯಲ್ಲ. ಈ ಪತ್ರ ಅದರ ಬಗ್ಗೆ.

ನಾನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ಮರ ಕೊಯ್ಯುವ ಮಿಲ್ಲಿಗೆ ಸೇರಿದವನು. ನಿಮ್ಮ ಕಚೇರಿಯ ನಾಜೂಕು ಭಾಷೆ ನನಗೆ ಬಾರದು, ಬಂದಷ್ಟು ಬರೆಯುತ್ತೇನೆ. ಬಂದೂಕು ಕಂಡರೆ ಆಗದ ಪಟ್ಟಣದವನು ಎಂದು ನನ್ನನ್ನು ಪಕ್ಕಕ್ಕೆ ಸರಿಸಬೇಡಿ. ಹಾಲುಹಲ್ಲು ಬೀಳುವ ವಯಸ್ಸಿಗೇ ಅಳಿಲು ಹೊಡೆದು ಸಾರಿಗೆ ತಂದವನು ನಾನು. ಅಪ್ಪನ ಕೋವಿ ಈಗಲೂ ನನ್ನ ಹಾಸಿಗೆಯ ತಲೆದೆಸೆಯಲ್ಲಿದೆ. ಬಂದೂಕು ಏನು ಮಾಡುತ್ತದೆ ಎಂದು ನನಗೆ ಗೊತ್ತು. ಶೆರೀಫ್ ಏನು ಮಾಡುತ್ತಾನೆ ಎಂಬುದು ಮಾತ್ರ ಈ ವಯಸ್ಸಿಗೂ ತಿಳಿಯುತ್ತಿಲ್ಲ.

ಮೊದಲು ಕಳ್ಳನ ವಿಷಯ. ನಿಮ್ಮ ಆ ಭಾಷಣಕ್ಕೆ ಮುಂಚಿನ ಚಳಿಗಾಲದಲ್ಲಿ ಹಾಡುಹಗಲೇ ಒಬ್ಬ ಅಮ್ಮನ ಮನೆಯ ಮುಂಬಾಗಿಲು ತಟ್ಟಿದ. ತಟ್ಟಿದ ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಟೋಪಿ ತೆಗೆದು ಎದೆಗೆ ಹಿಡಿದುಕೊಂಡು, "ಅಮ್ಮಾವ್ರೇ, ಗಾಡಿ ಬಿಸಿಯಾಗಿ ನಿಂತ್ಬಿಟ್ಟಿದೆ, ಒಂಚೂರು ನೀರು ಸಿಗುತ್ತಾ?" ಅಂದನಂತೆ. ಎಂಬತ್ತೆಂಟು ದಾಟಿದ ಮುದುಕಿ ಪಾಪ ಬಕೆಟ್ ಹುಡುಕಲು ಹಿತ್ತಲಿಗೆ ಹೋದಳು. ಬರುವಷ್ಟರಲ್ಲಿ ಬಚ್ಚಲಮನೆಯ ಕಪಾಟಿನಲ್ಲಿದ್ದ ಅವಳ ನೋವಿನ ಮಾತ್ರೆಗಳು ಬಾಟಲಿ ಸಮೇತ ಮಾಯ, ಅವನೂ ಮಾಯ. ಹೋಗುವಾಗ ಬಾಗಿಲು ಮೆಲ್ಲಗೆ ಮುಚ್ಚಿಕೊಂಡು ಹೋಗಿದ್ದ. ಅಷ್ಟು ಸಭ್ಯ. ನಿಮ್ಮ ಕೈಕೆಳಗಿನ ಡೆಪ್ಯುಟಿ ಮಾರನೆಯ ದಿನ ಬಂದ. ಅವನೂ ಮುಂಬಾಗಿಲೇ ತಟ್ಟಿದ, ಅವನೂ ಟೋಪಿ ತೆಗೆದ. ಅಮ್ಮ ಕಿಟಕಿಯಿಂದ ಇಣುಕಿ ನನಗೆ, "ಮತ್ತೆ ಬಂದ್ನಲ್ಲೋ ಲೋಂಜೋ! ಈ ಸಲ ಏನ್ ಬೇಕಂತೆ ಕೇಳು" ಅಂದಳು. ಅವನಿಗೆ ಬೇಕಾದದ್ದು ಒಂದು ಸಹಿ. ಅದು ಸಿಕ್ಕಿತು, ಹೊರಟ. ಆಮೇಲೆ ಅವನೂ ಇಲ್ಲ, ಕಳ್ಳನೂ ಇಲ್ಲ, ಮಾತ್ರೆಯೂ ಇಲ್ಲ.

ಇಲ್ಲಿ ತಮಗೆ ನಮ್ಮ ಹ್ಯಾಕ್‌ಬೆರಿ ಕಣಿವೆಯ ಒಂದು ನಡವಳಿಕೆ ಹೇಳಬೇಕು. ಮತ ಕೇಳಲು ಬಂದಾಗ ತಾವು ಗಮನಿಸಿರಲಾರಿರಿ. ನಮ್ಮಲ್ಲಿ ಯಾರೂ ಬಾಗಿಲು ತಟ್ಟುವುದಿಲ್ಲ. ಬೇಲಿಯ ಹತ್ತಿರ ನಿಂತು ಒಂದು ಕೂಗು ಹಾಕುತ್ತಾರೆ, ಮನೆ ಸುತ್ತಿ ಹಿಂದೆ ಬಂದು ಅಡುಗೆಮನೆಯ ಬಾಗಿಲು ತಳ್ಳಿ ಒಳಗೆ ಬರುತ್ತಾರೆ, ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಎತ್ತಿ ನೋಡುತ್ತಾರೆ, ಕೂರುತ್ತಾರೆ. ಬಾಗಿಲು ತಟ್ಟುವವನು ಎಂದರೆ ಹೊರಗಿನವನು: ವಿಮೆ ಮಾರುವವನು, ಕೋರ್ಟಿನ ಕಾಗದ ತಂದವನು, ಕಲ್ಲಿದ್ದಲು ಕಂಪನಿಯ ವಕೀಲ, ಮಾತ್ರೆ ಕಳ್ಳ, ಮತ್ತು ತಾವು. ನಮ್ಮ ಕಡೆಗಿದ್ದ ಹಳೆಯ ಡೆಪ್ಯುಟಿ ಆರ್ಲಿಸ್ ಗಡಿಗೆಯಂಥ ಹೊಟ್ಟೆ ಹೊತ್ತುಕೊಂಡು ಬೇಲಿಯಿಂದಲೇ ನಮ್ಮಮ್ಮನಿಗೆ "ವರ್ಡಿ ಚಿಕ್ಕಮ್ಮಾ, ಕಾಫಿ ಇದೆಯೋ ಇಲ್ವೋ? ಇಲ್ದಿದ್ರೆ ಅರೆಸ್ಟ್ ಮಾಡ್ತೀನಿ!" ಎಂದು ಕೂಗಿ ಒಳಗೆ ಬರುತ್ತಿದ್ದ. ಅವನಿದ್ದಾಗ ಈ ಕಣಿವೆಯಲ್ಲಿ ಯಾರ ಮಾತ್ರೆಯೂ ಕಳೆದಿರಲಿಲ್ಲ. ಅವನು ನಿವೃತ್ತನಾದ. ಅವನ ಜಾಗಕ್ಕೆ ತಾವು ಯಾರನ್ನೂ ಹಾಕಲಿಲ್ಲ. ಬದಲಿಗೆ ಮೆರವಣಿಗೆಯಲ್ಲಿ ಓಡಿಸಲು ಆನೆಗಾತ್ರದ ಚಕ್ರಗಳ ಒಂದು ಕಪ್ಪು ಗಾಡಿ ತಂದಿರಿ. ಅದು ನಮ್ಮ ಕಿರಿದಾದ ಸೇತುವೆ ದಾಟುವುದಿಲ್ಲ. ಗೊತ್ತಿತ್ತೇ?

ಈಗ ತಮ್ಮ ತರಗತಿ. ಅದೇ ಸಂಜೆ, ಅದೇ ಹಜಾರ. ಮೀಸೆ ಸರಿಯಾಗಿ ಮೂಡದ ನಿಮ್ಮ ಡೆಪ್ಯುಟಿ ಮುಂದೆ ನಿಂತು, ಕೋಲು ಹಿಡಿದು, ನಮ್ಮ ಮುದುಕ ಮುದುಕಿಯರಿಗೆ ಪಾಠ ಹೇಳಿದ. "ಮನೆಯವರು, ನೆಂಟರು ಬಾಗಿಲು ತಟ್ಟಿ ಹೆಸರು ಹೇಳ್ತಾರೆ. ತಟ್ಟದೆ ಒಳಗೆ ನುಗ್ಗಿದೋನು ಕಳ್ಳ. ಯೋಚನೆ ಮಾಡ್ತಾ ಕೂತ್ಕೋಬೇಡಿ, ಎತ್ತಿ, ಎದೆಗೆ ಹಿಡಿದು, ಎಳೆದ್ಬಿಡಿ."

ಅಮ್ಮ ಕೈ ಎತ್ತಿದಳು. "ಮಗಾ, ತಟ್ಟಿ ಬಂದೋನು ಯಾರು?"

"ಅವನು ನಿಮ್ಮೋನು ಅಜ್ಜೀ."

"ತಟ್ಟದೆ ಬಂದೋನು?"

"ಅವನು ಕಳ್ಳ."

"ನಿನ್ನೂರು ಯಾವುದಪ್ಪಾ?"

ಹಜಾರವೆಲ್ಲ ನಕ್ಕಿತು. ತಾವೂ ಪೈ ತಿನ್ನುತ್ತ ಹೊಟ್ಟೆ ಕುಲುಕಿಸಿ ನಕ್ಕಿರಿ. ಮುದುಕಿ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡಿರಿ. ಅವಳು ತಮಾಷೆ ಮಾಡಲಿಲ್ಲ ಸ್ವಾಮಿ, ತಿಳಿದುಕೊಳ್ಳಲೆಂದು ಕೇಳಿದಳು. ಸರ್ಕಾರದ ಮನುಷ್ಯ ಸಮವಸ್ತ್ರ ಹಾಕಿಕೊಂಡು ಹೇಳಿದ್ದನ್ನು ನಂಬುವ ಕಾಲದವಳು ಅವಳು. ಆ ಹುಡುಗ ಹೇಳಿದ್ದನ್ನು ಮನಸ್ಸಿಗೆ ಹಾಕಿಕೊಂಡಳು.

ಮುಂದಿನ ವಾರ ಅವಳನ್ನು ಪಟ್ಟಣದ ಬಂದೂಕಿನಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯವನು ಮೊದಲು ತೆಗೆದದ್ದು ಗುಲಾಬಿ ಬಣ್ಣದ ಹಿಡಿಯ ಪಿಸ್ತೂಲು. ಅಮ್ಮ ಅದನ್ನು ತಿರುಗಿಸಿ ನೋಡಿ, "ಇದನ್ನ ಯಾವ ಕೂಸಿನ ತೊಟ್ಟಿಲಿಂದ ಕಿತ್ಕೊಂಡು ಬಂದ್ಯಪ್ಪಾ?" ಅಂದಳು. ಅಂಥ ಪಿಸ್ತೂಲಿನ ಮೇಲ್ಭಾಗದ ಉಕ್ಕನ್ನು ಹಿಂದಕ್ಕೆ ಜಗ್ಗಿ ಬಿಟ್ಟರೆ ಮಾತ್ರ ಗುಂಡು ಒಳಗೆ ಕೂರುವುದು. ಅವಳ ಬೆರಳುಗಳು ಶುಂಠಿ ಬೇರಿನ ಹಾಗೆ ತಿರುಚಿಕೊಂಡಿವೆ. ಜಗ್ಗಿದಳು, ಅದು ಅಲುಗಲಿಲ್ಲ. ಅಂಗಡಿಯವನು ಬೇರೊಂದು ಕೊಟ್ಟ, ಅದೂ ಅಲುಗಲಿಲ್ಲ. "ನನ್ನ ಕೈಗೆ ಉಪ್ಪಿನಕಾಯಿ ಜಾಡಿ ಮುಚ್ಚಳಾನೇ ಬರಲ್ಲ ಕಣೋ, ಇದು ಬರುತ್ತಾ?" ಎಂದು ಕುರ್ಚಿ ಹುಡುಕಿಕೊಂಡು ಕೂತಳು. ನಾನು ನಿಮ್ಮ ಕಚೇರಿಗೆ ಫೋನ್ ಹಚ್ಚಿದೆ. ಅದೇ ಎಳೆಯ ಡೆಪ್ಯುಟಿ, "ಕೈಲಿ ಬಲ ಇಲ್ದೋರಿಗೆ ರಿವಾಲ್ವರ್ರೇ ಸರಿ. ಹಗುರದ್ದು, ಚಿಕ್ಕದು ತಗೊಳ್ಳಿ. ನಮ್ಮ ಸಾಹೇಬ್ರೂ ಅದನ್ನೇ ಹೇಳೋದು" ಅಂದ. ಅದನ್ನೇ ತಂದೆವು.

ಹಗುರವಾದದ್ದು ಗುಂಡು ಹಾರಿದಾಗ ಕೈಗೆ ಒದೆಯುತ್ತದೆ ಎಂದು ತಮ್ಮ ಸಾಹೇಬಿಕೆಗೆ ಗೊತ್ತಿರಲಿಲ್ಲವೇ? ಅದರ ಟ್ರಿಗರ್ ಕಲ್ಲಿನಷ್ಟು ಬಿಗಿ ಎಂದು ಗೊತ್ತಿರಲಿಲ್ಲವೇ? ಮನೆಯ ಹಿಂದಿನ ದಿಬ್ಬಕ್ಕೆ ಗುರಿಯಿಟ್ಟು ಕಲಿಸಲು ಹೋದೆ. ಎರಡೂ ಕೈಯ ಬೆರಳು ಹಾಕಿ ಎಳೆದರೂ ಅವಳಿಂದ ಆಗಲಿಲ್ಲ. ನಾನು ಗುಂಡಿಗೆ ಬಡಿಯುವ ಹಿಂಬದಿಯ ಸುತ್ತಿಗೆಯಂಥ ಕುದುರೆಯನ್ನು ಹೆಬ್ಬೆರಳಿನಿಂದ ಎಳೆದು ನಿಲ್ಲಿಸಿಕೊಟ್ಟ ಮೇಲೆ ಒಂದು ಗುಂಡು ಹಾರಿತು, ಮಣಿಕಟ್ಟು ಊದಿಕೊಂಡಿತು. ಅಂದರೆ ಕಳ್ಳ ಬಂದಾಗ ಅಮ್ಮ ಅವನಿಗೆ, "ಸ್ವಲ್ಪ ಕೂತಿರಪ್ಪಾ, ನಮ್ಮ ಲೋಂಜೋ ಬಂದು ಕುದುರೆ ಎಳೆದುಕೊಡಲಿ" ಎಂದು ಹೇಳಬೇಕು. ಮತ್ತೆ ಫೋನ್ ಮಾಡಿದೆ. "ಒಳಗಿನ ಸ್ಪ್ರಿಂಗ್ ಬದಲಾಯಿಸಿ, ಮೆದು ಆಗುತ್ತೆ, ಮಗುವೂ ಎಳೀಬಹುದು" ಎಂದು ಉತ್ತರ ಬಂತು. ಸ್ಪ್ರಿಂಗ್ ತರಿಸಲು ಅಂಗಡಿಯವನಿಗೆ ಹೇಳಿದೆ. ಅದು ಅಂಚೆಯಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡಿತು. ದೇವರು ನಮ್ಮ ಅಂಚೆಯವರನ್ನು ತಣ್ಣಗಿಟ್ಟಿರಲಿ.

ಡೆಲ್ಫಿಯಾ ಪಕ್ಕದ ಮನೆಯವಳು. ಅಮ್ಮನಿಗಿಂತ ಹತ್ತು ವರ್ಷ ಚಿಕ್ಕವಳು, ಇನ್ನೂ ಸೌದೆ ಒಡೆಯುತ್ತಾಳೆ. ದಿನಾ ಬೆಳಿಗ್ಗೆ ಬಂದು ಅಮ್ಮನ ಮಾತ್ರೆ ಬಾಟಲಿಯ ಮುಚ್ಚಳ ತೆಗೆದುಕೊಟ್ಟು ಹೋಗುತ್ತಾಳೆ. ಆ ಮುಚ್ಚಳವನ್ನು ಮಕ್ಕಳು ತೆಗೆಯಬಾರದೆಂದು ಮಾಡಿದ್ದಾರಂತೆ. ಮಕ್ಕಳನ್ನು ತಡೆಯುತ್ತದೋ ಇಲ್ಲವೋ, ನಮ್ಮಮ್ಮನನ್ನು ತಡೆಯುತ್ತದೆ. ಕಳ್ಳನನ್ನಂತೂ ತಡೆಯಲಿಲ್ಲ. ಬೇಲಿಯಿಂದಲೇ "ವರ್ಡೀ, ಬದುಕಿದ್ದೀಯೇನೇ?" ಎಂದು ಡೆಲ್ಫಿಯಾ ಕೂಗಿದರೆ ಅಮ್ಮ ಒಳಗಿನಿಂದ "ನಿನ್ನ ಮಣ್ಣು ಮಾಡಿಯೇ ಹೋಗೋದು ಬಾರೇ!" ಎನ್ನುವಳು. ಇದು ನಾನು ಮಿಲ್ಲಿಗೆ ಸೇರಿದಾಗಿನಿಂದ ಕೇಳಿದ ಸದ್ದು.

ಆ ದಿನ ಡೆಲ್ಫಿಯಾಗೆ ನೆಗಡಿಯಾಗಿ ಗಂಟಲು ಪೂರ್ತಿ ಕಟ್ಟಿತ್ತು. ಕೂಗಲಾಗಲಿಲ್ಲ. ಎರಡೂ ಕೈಯಲ್ಲಿ ಹುರಿದ ಸೇಬಿನ ಬಟ್ಟಲು ಹಿಡಿದುಕೊಂಡು, ಸೊಂಟದಿಂದ ಬಾಗಿಲು ನೂಕಿ ಒಳಗೆ ಬಂದಳು. ತಟ್ಟದೆ. ನಾನು ಅಲ್ಲೇ ಸಿಂಕಿನ ಕೆಳಗೆ ಮಲಗಿಕೊಂಡು ಸೋರುವ ಪೈಪು ಬಿಗಿಯುತ್ತಿದ್ದೆ. ಬಟ್ಟಲು ಒಡೆದ ಸದ್ದಾಯಿತು. ತಲೆ ಹೊರಗೆ ಹಾಕಿ ನೋಡಿದರೆ ಅಮ್ಮ ಬಾಗಿಲಿಗೆ ಮುಖ ಮಾಡಿ ಕೂತಿದ್ದಾಳೆ, ಪಾತ್ರೆ ಒರೆಸುವ ಬಟ್ಟೆ ನೆಲಕ್ಕೆ ಬಿದ್ದಿದೆ, ಅದರಡಿ ಇಟ್ಟುಕೊಂಡಿದ್ದ ರಿವಾಲ್ವರ್ ಎರಡೂ ಕೈಯಲ್ಲಿದೆ. ನಿಮ್ಮ ಹುಡುಗ ಕಲಿಸಿದ ಹಾಗೆಯೇ, ನೇರ ಎದೆಗೆ. ಟ್ರಿಗರ್ ಎಳೆಯುತ್ತಿದ್ದಾಳೆ. ಕುದುರೆ ಅರ್ಧ ಎದ್ದಿತು. ಬೆರಳು ಸೋತಿತು, ಕುದುರೆ ಹಿಂದಕ್ಕೆ ಕೂತಿತು. ಮತ್ತೆ ಎಳೆದಳು. ಮತ್ತೆ ಅರ್ಧ. ನಾನು ಹಾರಿ ಕಿತ್ತುಕೊಳ್ಳುವವರೆಗೆ ಬಾಗಿಲಲ್ಲಿರುವುದು ಯಾರು ಎಂದೇ ಅವಳ ಮಬ್ಬುಗಣ್ಣಿಗೆ ತಿಳಿದಿರಲಿಲ್ಲ.

ಡೆಲ್ಫಿಯಾ ಒಡೆದ ಬಟ್ಟಲು ನೋಡಿದಳು, ಅಮ್ಮನನ್ನು ನೋಡಿದಳು. ಕಟ್ಟಿದ ಗಂಟಲಲ್ಲೇ, "ವರ್ಡೀ, ನನ್ನ ಹುರಿದ ಸೇಬು ಅಷ್ಟು ಕೆಟ್ಟದಾಗಿರುತ್ತೇನೇ?" ಅಂದಳು. ಆಮೇಲೆ ಕುರ್ಚಿ ಸಿಗದೆ ನೆಲದ ಮೇಲೇ ಕೂತಳು. ಅಮ್ಮನಿಗೆ ಸಮಾಧಾನ ಹೇಳಲು ಹೋದೆ. "ಏನೂ ಆಗಲಿಲ್ಲವಲ್ಲಮ್ಮ, ಗುಂಡು ಹಾರಲಿಲ್ಲ."

"ಹಾರದೇ ಇದ್ದದ್ದು ನನ್ನಿಂದಲ್ಲ ಕಣೋ," ಅಂದಳು. "ನಾನು ಎಳೆದೆ."

ಆವತ್ತೇ ತಮ್ಮ ಕಚೇರಿಗೆ ಬಂದೆ. ನಮ್ಮ ಕಡೆಗೆ ಒಬ್ಬ ಡೆಪ್ಯುಟಿ ಕೊಡಿ, ಈ ತರಗತಿ ನಿಲ್ಲಿಸಿ ಎಂದು ಕೇಳಲು. ಗಾಜಿನ ಹಿಂದೆ ಕೂತಿದ್ದ ಹೆಂಗಸು, "ಗುಂಡು ಹಾರಿತೇ?" ಎಂದು ಕೇಳಿದಳು. ಇಲ್ಲ ಅಂದೆ. "ಹಾಗಾದರೆ ಘಟನೆಯೇ ನಡೆದಿಲ್ಲ" ಅಂದಳು. ತಾವು ಒಳಗೇ ಇದ್ದಿರಿ, ತಮ್ಮ ನಗು ಕೇಳಿಸುತ್ತಿತ್ತು. ನಾನು ಹೊರಡುವಾಗ ಅವಳು ಕರೆದು, ಹಿರಿಯರಿಗೆ ಎರಡನೆಯ ಹಂತದ ತರಗತಿ ಶುರುವಾಗುತ್ತಿದೆ, ತಾಯಿಯವರ ಹೆಸರು ಬರೆಸಿ ಎಂದಳು. ಎರಡನೆಯ ಹಂತದಲ್ಲಿ ಏನು ಕಲಿಸುತ್ತೀರಿ ಸ್ವಾಮಿ? ಮೊದಲ ಹಂತದಲ್ಲಿ ನೆರೆಯವಳು, ಎರಡನೆಯದರಲ್ಲಿ ಮಗನೋ? ಘಟನೆ ನಡೆದಿಲ್ಲವಂತೆ. ಹಾಗಾದರೆ ಅಮ್ಮ ಈಗ ಅಡುಗೆಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು ಕೂರುವುದೇಕೆ? ಆ ಬಾಗಿಲಿಗೆ ಚಿಲಕವೇ ಇರಲಿಲ್ಲ. ಅವಳ ಕಾಟ ತಾಳಲಾರದೆ ನಾನೇ ಹಾಕಿಕೊಟ್ಟೆ. ರಿವಾಲ್ವರ್ ನನ್ನ ಮನೆಯ ಪೆಟ್ಟಿಗೆಯಲ್ಲಿ ಬೀಗ ಹಾಕಿಕೊಂಡು ಕೂತಿದೆ. ಅದು ಈಗ ನಿನ್ನ ಕೈಯಲ್ಲಿಲ್ಲ ಎಂದು ನೂರು ಸಲ ಹೇಳಿದರೂ ಅವಳು ಕೇಳುವುದಿಲ್ಲ. "ಯಾರು ಅಂತ ತಿಳ್ಕೊಂಡೇ ತೆಗೀತೀನಿ. ಇನ್ನೊಂದು ಸಲ ಹಾಗಾಗಬಾರದು" ಎನ್ನುತ್ತಾಳೆ. ಡೆಲ್ಫಿಯಾ ಬೆಳಿಗ್ಗೆ ಬರುತ್ತಾಳೆ. ಬೇಲಿಯಿಂದ ಕೂಗುವುದಿಲ್ಲ. ಬಾಗಿಲು ತಟ್ಟಿ, ಹೆಸರು ಹೇಳಿ, ಕಾಯುತ್ತಾಳೆ. ಒಳಗೆ ಬಂದು ಮುಚ್ಚಳ ತೆಗೆದುಕೊಟ್ಟು ಹೊರಟುಬಿಡುತ್ತಾಳೆ. ಕೂರುವುದಿಲ್ಲ. ಮಾತ್ರೆ ಕದ್ದವನು ಮಾತ್ರೆಯನ್ನಷ್ಟೇ ಕದ್ದ. ತಾವು ಕದ್ದದ್ದನ್ನು ಯಾವ ಠಾಣೆಯಲ್ಲಿ ಬರೆಸಲಿ?

ಹಾಗಾಗಿ ನನ್ನ ಬೇಡಿಕೆ ಕೇಳಿ. ಗುಡ್ಡದ ಈಚೆಗೆ ಒಬ್ಬ ಡೆಪ್ಯುಟಿ ಬೇಕು, ಇಲ್ಲೇ ಇರುವವನು, ನಮ್ಮ ಸೇತುವೆ ದಾಟುವಂಥ ಗಾಡಿ ಇರುವವನು. ಆ ಕಪ್ಪು ಗಾಡಿ ಮಾರಿದರೆ ಅಂಥ ಇಬ್ಬರನ್ನು ಸಾಕಬಹುದು. ಅವನಿಗೆ ಮೊದಲ ದಿನವೇ ಬೇಲಿಯ ಹತ್ತಿರ ನಿಂತು ಕೂಗುವುದನ್ನು ಕಲಿಸಿ. ಬರದಿದ್ದರೆ ನಮ್ಮ ಬಳಿ ಕಳಿಸಿ, ನಾವು ಕಲಿಸುತ್ತೇವೆ, ಪೈ ಕೂಡ ಕೊಡುತ್ತೇವೆ. ಆಮೇಲೆ ತಾವೇ ಖುದ್ದಾಗಿ ಒಂದು ಸಲ ಬರಬೇಕು. ಮುಂಬಾಗಿಲಿಗೆ ಬೇಡ. ಹಿಂದೆ ಸುತ್ತಿ ಅಡುಗೆಮನೆಗೆ ಬಂದು, ಟೋಪಿ ತೆಗೆದು, ಅಮ್ಮನ ಎದುರು ಕೂತು, "ವರ್ಡಮ್ಮಾ, ನಾವು ಕಲಿಸಿದ್ದು ತಪ್ಪು. ತಟ್ಟದೆ ಬರೋರೇ ನಿಮ್ಮೋರು" ಎಂದು ನಿಮ್ಮ ಬಾಯಿಂದಲೇ ಹೇಳಬೇಕು. ನಾನು ಹೇಳಿದರೆ ಅವಳು ನಂಬುವುದಿಲ್ಲ. ನನಗೆ ಸಮವಸ್ತ್ರ ಇಲ್ಲ.

ಬೇಗ ಬನ್ನಿ. ಹೋದ ಭಾನುವಾರ ಚರ್ಚು ಮುಗಿಸಿ ಅವಳ ಊಟದ ಡಬ್ಬಿ ಹಿಡಿದುಕೊಂಡು ಹೋದೆ. ಬೇಲಿಯಿಂದ ಕೂಗಿದೆ, ಉತ್ತರ ಬರಲಿಲ್ಲ. ಬಾಗಿಲು ತಳ್ಳಿದೆ, ಚಿಲಕ ಹಾಕಿತ್ತು. ಅರವತ್ತೆಂಟು ವರ್ಷದಲ್ಲಿ ಮೊದಲ ಸಲ ಕೈ ಎತ್ತಿ ಆ ಬಾಗಿಲು ತಟ್ಟಿದೆ.

ಒಳಗಿನಿಂದ ಅಮ್ಮ ಕೇಳಿದಳು, "ಯಾರು ನೀವು?"

ಇಂತಿ,
ಹೆತ್ತ ತಾಯಿಯ ಬಾಯಲ್ಲಿ 'ನೀವು' ಆದವನು,
ಲೋಂಜೋ ಸ್ಟಿಡಮ್
ಹ್ಯಾಕ್‌ಬೆರಿ ಕಣಿವೆ, ಕೆಂಟಕಿ