ಕತ್ತಿ ಹಿಡಿದ ಹುಡುಗಿಯ ಜಡೆ

ಚನ್ನಪಟ್ಟಣ
೧೯-೧೦-೨೦೦೮

ಲತಾಮಣಿ ಅಕ್ಕನಿಗೆ ಪ್ರತಿಮಾ ಮಾಡುವ ನಮಸ್ಕಾರ.

ನಾವೆಲ್ಲ ಕ್ಷೇಮ ಎಂದು ಬರೆಯಬೇಕು, ಬರೆಯುವುದಿಲ್ಲ. ನಿನ್ನ ಫೋನ್ ನಾಲ್ಕು ಸಲ ಬಂತು, ಬೇಕೆಂದೇ ಎತ್ತಲಿಲ್ಲ. ಎತ್ತಿದ್ದರೆ ನೀನು ಅಳುತ್ತಿದ್ದೆ, ನಾನು ಕರಗುತ್ತಿದ್ದೆ. ಚಿಕ್ಕಂದಿನಿಂದ ನೀನು ತಪ್ಪಿಸಿಕೊಳ್ಳುವುದೇ ಹಾಗೆ. ಕಾಗದ ತಡವಾಯಿತು, ಅದೊಂದಕ್ಕೆ ಮಾತ್ರ ಕ್ಷಮಿಸು.

ನನ್ನ ಬೀರುವಿನ ಬೀಗದಕೈ ಮುಟ್ಟು ಅಂತ ನಿನಗೆ ಹೇಳಿದವರು ಯಾರು? ಹಬ್ಬಕ್ಕೆ ತವರಿಗೆ ಬಂದವಳು ಉಂಡು, ಮಡಿಲು ತುಂಬಿಸಿಕೊಂಡು, ಕನಕಪುರದ ಬಸ್ಸು ಹತ್ತಬೇಕಿತ್ತು. ಆ ಬೀರುವಿನಲ್ಲಿದ್ದ ಹನ್ನೊಂದು ಜಪಾನಿ ಬೊಂಬೆಗಳನ್ನು ಐದು ವರ್ಷದಿಂದ ಕೂಡಿಸಿದ್ದೇನೆ. ಬಿಡದಿ ಕಾರ್ಖಾನೆಯಲ್ಲಿ ದಿನವಿಡೀ ನಿಂತು ಬಂದವಳಿಗೆ ಜಪಾನಿನ ಕಾರ್ಟೂನು ಅನಿಮೆ ನೋಡಿದಾಗ, ಬಲದಿಂದ ಎಡಕ್ಕೆ ಓದುವ ಆ ಮಾಂಗಾ ಚಿತ್ರಕಥೆ ಪುಸ್ತಕ ಹಿಡಿದಾಗ ಮಾತ್ರ ಉಸಿರು ಬರುತ್ತಿತ್ತು. ನಿನಗೆ ಅದು ಹುಚ್ಚು. ಇರಲಿ. ಪ್ಲಾಸ್ಟಿಕ್ ಬಂದು ಅಪ್ಪನ ಮರದ ಬೊಂಬೆ ಕೆಲಸ ಅರ್ಧವಾಗಿದೆ, ಇವು ಅವನ ಕಣ್ಣಿಗೆ ಬೀಳದಿರಲಿ ಎಂದೇ ನಾನು ಪರದೆ ಕಟ್ಟಿ ಬೀಗ ಹಾಕುತ್ತಿದ್ದೆ. ನಾನು ಕೆಲಸಕ್ಕೆ ಹೋಗಿದ್ದಾಗ ನೀನು ಅವನ್ನು ತೆಗೆದು ದಸರಾ ಮೆಟ್ಟಿಲ ಮೇಲೆ, ಪಟ್ಟದ ಬೊಂಬೆಯ ಪಕ್ಕಕ್ಕೆ ಜೋಡಿಸಿ ಬೀದಿಯ ಹೆಂಗಸರನ್ನು ಕರೆದೆ. "ನೋಡ್ರವ್ವ, ನಮ್ಮಪ್ಪ ಮರದ್ ಬೊಂಬೆ ಮಾಡ್ತಾ ಸವೀತಾವ್ನೆ, ಇವ್ಳು ಪ್ಲಾಸ್ಟಿಕ್ಕು ತಂದು ಬೀರೊಳ್ಗೆ ಮಡೀಕಂಡವ್ಳೆ" ಅಂದೆಯಂತೆ. ಎಲ್ಲರೂ ನಕ್ಕರಂತೆ. ಅಪ್ಪ ಅಲ್ಲೇ ಕೂತಿದ್ದನಂತೆ.

ಆಮೇಲೆ ಅವುಗಳಲ್ಲಿ ಕತ್ತಿ ಹಿಡಿದ ಹುಡುಗಿ ಬೊಂಬೆಯ ಜಡೆ ನಿನ್ನ ಸೆರಗಿಗೆ ಸಿಕ್ಕಿ ಮುರಿಯಿತು. "ಅವ್ಳು ಬರೋದ್ರೊಳ್ಗೆ ಒಸಿ ಅಂಟಿಸ್ಬುಡಪ್ಪ" ಎಂದು ಅಪ್ಪನ ಕೈಗೆ ಕೊಟ್ಟು ಹೊರಟೆ. ಅಪ್ಪನಿಗೆ ಬರುವುದು ಒಂದೇ ವಿದ್ಯೆ. ಮರಕ್ಕೆ ಮಾಡುವ ಹಾಗೆ ಅರಗು ಕಾಸಿ ಹಚ್ಚಿದ. ಬೊಂಬೆ ಮಾಡುವ ಆಲೆ ಮರ ತಡೆಯುವ ಬಿಸಿ ಪ್ಲಾಸ್ಟಿಕ್ ತಡೆಯುತ್ತದೆಯೇ? ಮುಖವೆಲ್ಲ ಇಳಿದುಹೋಯಿತು.

ನಾನು ಬಂದಾಗ, "ನನ್ ಕೈಲೇ ಬಿದ್ದು ಮುರೀತು ಕಣವ್ವ, ಸರಿಮಾಡಕ್ಕೋಗಿ ಕೆಡಿಸ್ಬುಟ್ಟೆ" ಅಂದ. ನಿನ್ನ ಹೆಸರೆತ್ತಲಿಲ್ಲ. ಪಕ್ಕದ ಮನೆಯ ಅಂಬುಜಮ್ಮ ನಿಜ ಹೇಳಿದ್ದು ಎರಡು ದಿನದ ಮೇಲೆ. ಅಷ್ಟರಲ್ಲಿ ನಾನು ಅಪ್ಪನನ್ನು ಬಾಯಿಗೆ ಬಂದಂತೆ ಬೈದಾಗಿತ್ತು. ಅವತ್ತಿನಿಂದ ಅಪ್ಪ ಮರ ಕಡೆಯುವ ಲೇತ್ ಮುಟ್ಟಿಲ್ಲ, ನನ್ನ ಹತ್ತಿರ ಮಾತಾಡಿಲ್ಲ.

ದೀಪಾವಳಿಗೆ ಬರಬೇಡ. ಅಪ್ಪನ ಮುಂದೆ ನಿಂತು ನಿಜ ಒಪ್ಪಿಕೊಳ್ಳುವುದಾದರೆ ಬಾ. ನಿನ್ನ ಮಗ ದೀಪುವಿಗೆ ನನ್ನ ಆಶೀರ್ವಾದ, ಪಾಪ ಅವನೇನು ಮಾಡಿದ್ದಾನೆ. ನಿನಗೂ ಒಳ್ಳೆಯದಾಗಲಿ ಎಂದು ಬರೆಯಲು ಅವ್ವ ಹೇಳಿದಳು, ಬರೆದಿದ್ದೇನೆ.

ಇಂತಿ,
ಪ್ರತಿಮಾ

ತಾ.ಕ.: ನಿನ್ನೆ ಅಪ್ಪ ಕೆಲಸ ಮಾಡುವ ಕೋಣೆ ಗುಡಿಸಲು ಹೋಗಿದ್ದೆ. ಹಲಗೆಗಳ ಹಿಂದೆ, ಹಳೇ ಪಂಚೆಯಲ್ಲಿ ಸುತ್ತಿದ ಆರು ಮರದ ಬೊಂಬೆಗಳಿದ್ದವು. ನನ್ನ ಬೀರುವಿನವುಗಳದೇ ರೂಪ. ಅದೇ ಕತ್ತಿ, ಅದೇ ಉದ್ದ ಜಡೆ. ಯಾವುದಕ್ಕೂ ಕಣ್ಣಿರಲಿಲ್ಲ. ಅವ್ವನನ್ನು ಕೇಳಿದೆ. "ನೀನ್ ಕೆಲ್ಸುಕ್ಕೋದಾಗ ಬೀರು ತೆಗ್ದು ನೋಡ್ಕಂಡು ನಿಮ್ಮಪ್ಪ ಮಾಡಿದ್ರು. ಅಂಥಾ ದೊಡ್ ಕಣ್ಣು ನಂಗ್ ಬರಾಕಿಲ್ಲ, ಪ್ರತಿಮನ್ ಕೈಲೇ ಬರೆಸ್ತೀನಿ, ದಸರಾ ಹಬ್ಬುಕ್ಕೆ ಕೇಳ್ತೀನಿ ಅಂತಿದ್ರು ಕಣೇ" ಅಂದಳು.

ಅಕ್ಕ, ಅವತ್ತು ನಾನು ಅಪ್ಪನಿಗೆ ಅಂದದ್ದು ಇದು: "ಹುಟ್ದಾಗಿಂದ ಬೊಂಬೆ ಮಾಡ್ತೀಯ, ಒಂದುಕ್ಕಾದ್ರೂ ನೆಟ್ಟಗೆ ಕಣ್ಣು ಬರ್ದಿದ್ದೀಯಾ?" ಅದನ್ನು ನೀನು ಹೇಳಿಸಲಿಲ್ಲ.